ಉಕಿಯೊ-ಎ ಚಿತ್ರದ ಹೆಂಗಸು ಎಡೊದವಳೋ ಕ್ಯೋಟೊದವಳೋ?

ಪ್ರಶ್ನೆ:
ಜಪಾನಿನ ಉಕಿಯೊ-ಎ ಎಂಬ ಮರದಚ್ಚಿನ ಚಿತ್ರಗಳಲ್ಲಿ ಹೆಂಗಸರ ಮುಖಗಳೆಲ್ಲ ಒಂದೇ ತರಹ. ಉಡುಪು ನೋಡಿ ಆಕೆ ಯಾರು, ಎಡೊ (ಇಂದಿನ ಟೋಕಿಯೊ), ಕ್ಯೋಟೊಗಳಲ್ಲಿ ಯಾವ ಊರಿನವಳು ಅಂತ ಹೇಳಬಹುದೇ? ಓಬಿ (ನಡುಪಟ್ಟಿ) ಮುಂದೆ ಕಟ್ಟಿದ್ದರೆ ವೇಶ್ಯೆ ಅನ್ನುತ್ತಾರೆ. ಅಷ್ಟು ನೋಡಿದರೆ ಸಾಕೇ?

ಉತ್ತರ 1:
ಸಾಲದು. ಮದುವೆಯಾದ ಹೆಂಗಸರೂ ಒಂದು ಕಾಲಕ್ಕೆ ಓಬಿಯನ್ನು ಮುಂದೆ ಕಟ್ಟಿಕೊಳ್ಳುತ್ತಿದ್ದರು. ಮೊದಲು ಹುಬ್ಬು ನೋಡಿ. ಹುಬ್ಬು ಬೋಳಿಸಿ ಹಲ್ಲು ಕಪ್ಪಾಗಿದ್ದರೆ ಸಾಮಾನ್ಯವಾಗಿ ಗೃಹಿಣಿ. ಹುಬ್ಬು ಇದ್ದು, ಮುಂದೆ ದೊಡ್ಡ ಗಂಟು, ತಲೆ ತುಂಬ ಕಡ್ಡಿಪಿನ್ನು, ಬರಿಗಾಲು, ಇಷ್ಟೂ ಒಟ್ಟಿಗೆ ಕಂಡರೆ ಹೆಚ್ಚಾಗಿ ಎಡೊದ ಯೋಶಿವಾರ ಎಂಬ ವೇಶ್ಯಾಕೇರಿಯ ಓಯಿರಾನ್ (ಮೇಲ್ದರ್ಜೆಯ ವೇಶ್ಯೆ). ನೆಲ ಮುಟ್ಟುವಂಥ ಉದ್ದ ತೋಳಿನ ಫುರಿಸೋದೆ ಮದುವೆಯಾಗದ ಹುಡುಗಿಯದು.

ಹಲ್ಲಿನಲ್ಲಿ ಊರಿನ ಸುಳಿವೂ ಇದೆ: ಕ್ಯೋಟೊ, ಒಸಾಕಾದ ಗೇಷಾಗಳು (ಹಾಡಿ ಕುಣಿದು ರಂಜಿಸುವ ಕಲಾವಿದೆಯರು) ಹಲ್ಲು ಕಪ್ಪು ಮಾಡಿಕೊಳ್ಳುತ್ತಿದ್ದರು, ಎಡೊದವರು ಇಲ್ಲ. ಬಾಯಿ ಮುಚ್ಚಿದ್ದರೆ ಮಾತ್ರ ಈ ಪರೀಕ್ಷೆ ನಡೆಯದು. ಎಡೊದಲ್ಲೇ ಫುಕಗಾವಾ ಎಂಬ ಬಡಾವಣೆಯ ಗೇಷಾಗಳು ಬೇರೆ. ಗಂಡಸರ ಹಾವೋರಿ ಮೇಲಂಗಿ ತೊಟ್ಟು ಚಳಿಗಾಲದಲ್ಲೂ ಬರಿಗಾಲಲ್ಲಿರುತ್ತಿದ್ದರು.

ಉತ್ತರ 2:
ಬಣ್ಣ ನೋಡಿ ತೀರ್ಮಾನಕ್ಕೆ ಬರಬೇಡಿ. 1765ರ ಹೊತ್ತಿಗೆ ಹರುನೊಬು ಮೊದಲಾದ ಕಲಾವಿದರು ಬಹುವರ್ಣದಲ್ಲಿ ಅಚ್ಚು ಹಾಕತೊಡಗಿದಾಗ ನೀಲಿ ಬರುತ್ತಿದ್ದುದು ಹೆಚ್ಚಾಗಿ ತ್ಸುಯುಕುಸಾ ಎಂಬ ಗಿಡದ ಹೂವಿನಿಂದ, ಗುಲಾಬಿ ಕುಸುಬೆ ಹೂವಿನಿಂದ. ಎರಡೂ ಬೆಳಕಿಗೆ ಸೋಲುವಂಥವು. ಅವನ್ನು ಬೆರೆಸಿ ಮಾಡಿದ ನೇರಳೆ ಈಗ ಕಂದಾಗಿ ಕಾಣುತ್ತದೆ. ಅದನ್ನೇ 'ಎಡೊದ ಸರಳ ರುಚಿ' ಎಂದು ಓದಿಬಿಡುವ ತಪ್ಪು ಬಹಳ. ಕಂದು, ಬೂದು, ಪಟ್ಟೆಗಳ ಹುಚ್ಚು ಎಡೊದಲ್ಲಿ ಇದ್ದದ್ದು ನಿಜ, ಆದರೆ ಆಧಾರವಾಗಿ ವಿನ್ಯಾಸವನ್ನು ನೋಡಿ, ವರ್ಣವನ್ನಲ್ಲ. ವಿನ್ಯಾಸದ ಗೆರೆ ಮಾಸುವುದಿಲ್ಲ. ಗಾಢ ಪ್ರಷ್ಯನ್ ನೀಲಿ ಧಾರಾಳವಾಗಿದ್ದರೆ ಚಿತ್ರ ಸುಮಾರು 1830ರಿಂದ ಈಚಿನದು.

ಉತ್ತರ 3:
ಊರಿನ ಪ್ರಶ್ನೆಗೆ ಇನ್ನೊಂದು ತೊಡಕು. ಸುಂದರಿಯರ ಚಿತ್ರಗಳು ಬಹುಪಾಲು ಎಡೊದಲ್ಲೇ ಅಚ್ಚಾದವು. ಕ್ಯೋಟೊದವಳನ್ನು ಬರೆದವನೂ ಎಡೊದ ಕಲಾವಿದನೇ ಆಗಿರಬಹುದು. ಒಸಾಕಾದ ಅಚ್ಚುಗಳಲ್ಲಿ ಹೆಚ್ಚಿನವು ಕಬುಕಿ ನಾಟಕದ ನಟರವು, ಅಲ್ಲಿ 'ಹೆಂಗಸು' ಎಂದರೆ ಸ್ತ್ರೀಪಾತ್ರದ ಗಂಡಸು. ಹಣೆಯ ಮೇಲೆ ನೇರಳೆ ಬಟ್ಟೆಯ ತುಂಡು ಇದೆಯೇ ನೋಡಿ. ಬೋಳಿಸಿದ ಮುಂದಲೆ ಮುಚ್ಚಲು ಅದು.

ಊರು ಸ್ಪಷ್ಟವಾಗಿ ಕಾಣುವುದು ದುಡಿಯುವವರ ಉಡುಪಿನಲ್ಲಿ. ತಲೆಯ ಮೇಲೆ ಸೌದೆ ಹೊರೆ, ಅದರಡಿ ವಸ್ತ್ರ ಇದ್ದರೆ ಕ್ಯೋಟೊದ ಉತ್ತರಕ್ಕಿರುವ ಓಹಾರಾದವಳು. ತಲೆಗೆ ಬಿಳಿ ಬಟ್ಟೆ ಸುತ್ತಿ ಮೀನು ಮಾರುವವಳಾದರೆ ಕ್ಯೋಟೊದ ಪಶ್ಚಿಮಕ್ಕಿರುವ ಕತ್ಸುರಾದವಳು.

ಪ್ರಶ್ನೆ ಕೇಳಿದವರು:
ಕೆಲವು ಚಿತ್ರಗಳಲ್ಲಿ ಕೆಳತುಟಿ ಹಸಿರು. ಮಾಸಿದ್ದೇ?

ಉತ್ತರ 1:
ಅಲ್ಲ, ಅದು ಸಾಸಾಬೆನಿ ಎಂಬ ತುಟಿ ಸಿಂಗಾರ. ಕುಸುಬೆಯ ಕೆಂಪನ್ನು ಪದರ ಪದರವಾಗಿ ದಪ್ಪಗೆ ಹಚ್ಚಿದರೆ ಒಣಗಿದ ಮೇಲೆ ಹಸಿರು ಮಿರುಗುತ್ತದೆ. 1804-1830ರ ಕಾಲದ ಷೋಕಿ, ಕಲಾವಿದ ಐಸೆನ್‌ನ ಚಿತ್ರಗಳಲ್ಲಿ ಸಾಕಷ್ಟಿದೆ. ಕೆಂಪು ದುಬಾರಿ, ಹಾಗಾಗಿ ಕೈಗೆಟುಕದವರು ಮೊದಲು ತುಟಿಗೆ ಮಸಿ ಬಳಿದು ಮೇಲೆ ತೆಳ್ಳಗೆ ಕೆಂಪು ಸವರಿ ಅದೇ ಮಿರುಗು ತರಿಸುತ್ತಿದ್ದರು. ಅಚ್ಚಿನಲ್ಲಿ ಮಾತ್ರ ಇಬ್ಬರ ತುಟಿಯೂ ಒಂದೇ ಹಸಿರು.