ಆರು ತಿಂಗಳ ಕೆಲಸ, ಹೋಗಲಾ ಬೇಡ್ವಾ?: ಓದುಗರ ಸ್ಪಂದನ

ಕಂಪ್ಲಿಯ ಓದುಗರೊಬ್ಬರ ಸಮಸ್ಯೆ ಹೀಗಿತ್ತು: "ಪ್ರಾಣಿಶಾಸ್ತ್ರದಲ್ಲಿ ಬಿಎಸ್ಸಿ ಮಾಡಿ ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ಹತ್ತಿರದ ಪ್ರಾಣಿ ಪಾರ್ಕಿನಲ್ಲಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ, ಪ್ರವಾಸ ಬರುವ ಶಾಲಾ ಮಕ್ಕಳಿಗೆ ಪ್ರಾಣಿಗಳ ಬಗ್ಗೆ ಹೇಳುವ ಕೆಲಸವಿದೆ. ಅರ್ಜಿ ಹಾಕಿದ್ದೆ, ಸಂದರ್ಶನಕ್ಕೆ ಕರೆದಿದ್ದಾರೆ. ಅನುಭವ ಇಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ಆರು ತಿಂಗಳಿಗಾಗಿ ಇರೋ ಕೆಲಸ ಬಿಡ್ತೀಯಾ ಅಂತ ಮನೆಯವರು ಕೇಳುತ್ತಾರೆ."

ನಿವೃತ್ತ ಶಿಕ್ಷಕಿ, ಗಂಗಾವತಿ

ತಂಗಿ, ಅನುಭವ ಇಲ್ಲ ಅಂತ ಯಾಕೆ ಅಂದುಕೊಂಡೆ? ದಿನಾ ಮಕ್ಕಳ ಮುಂದೆ ನಿಲ್ಲುತ್ತೀಯಲ್ಲ, ಅದೇ ಅನುಭವ. ಇನ್ನೊಂದು ಮಾತು. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗೆ ತುಂಗಭದ್ರೆಯ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಮಾಡಿದ್ದಾರೆ. ಅದು ನಿಮ್ಮೂರಿಗೇ ಬಂದು ಮುಗಿಯುತ್ತದೆ. ಸಂದರ್ಶನಕ್ಕೆ ಮೊದಲು ಹರಿಗೋಲಿನಲ್ಲಿ ಮೀನು ಹಿಡಿಯುವವರ ಹತ್ತಿರ ಹೋಗಿ ಮಾತಾಡು. ನೀರುನಾಯಿ ಬಲೆ ಹರಿಯುತ್ತದೆ ಅಂತ ಅವರು ಸಿಟ್ಟಾದರೆ ಅದನ್ನೂ ಕೇಳಿಸಿಕೋ. ಪುಸ್ತಕದಲ್ಲಿ ಓದಿ ಬಂದವರು ಇದನ್ನು ಹೇಳಲಾರರು.

ಐದು ನಿಮಿಷ ಮಕ್ಕಳಿಗೆ ಹೇಳಿದ ಹಾಗೆ ಹೇಳಿ ತೋರಿಸು ಅಂದರೂ ಅನ್ನಬಹುದು. ಆಗ ವೈಜ್ಞಾನಿಕ ಹೆಸರಿನಿಂದ ಶುರು ಮಾಡಬೇಡ. ನಮ್ಮ ಕಡೆ ಕರಡಿಗೆ ಮೇಲಿನ ಮುಂದಿನ ಎರಡು ಹಲ್ಲು ಇರೋದಿಲ್ಲ. ಹುತ್ತ ಕೆದರಿ, ಮಣ್ಣು ಊದಿ, ಆ ಸಂದಿನಿಂದಲೇ ಗೆದ್ದಲು ಎಳೆದುಕೊಳ್ಳುತ್ತದೆ. ಯಾವ ಗುಂಪಿನಲ್ಲಾದರೂ ಹಲ್ಲು ಬಿದ್ದ ಪುಟ್ಟ ಹುಡುಗ ಒಬ್ಬ ಇದ್ದೇ ಇರುತ್ತಾನೆ. ಅವನನ್ನು ಮುಂದೆ ಕರೆದು ಗಾಳಿ ಎಳೆಸು. ಆ ಸದ್ದು ಕೇಳಿದ ಮಕ್ಕಳು ಕರಡಿಯ ಬಾಯಿ ಮರೆಯೋದಿಲ್ಲ.

ಇಂಥದೇ ಕೆಲಸ ಮಾಡಿದವನು, ಸಂಡೂರು

ಮೇಡಂ, ಸಂದರ್ಶನದಲ್ಲಿ ಪ್ರಾಣಿಗಳ ಬಗ್ಗೆ ನನ್ನನ್ನು ಕೇಳಿದ್ದು ಕಡಿಮೆ. ಎರಡು ಶಾಲೆಯ ಬಸ್ಸು ಒಟ್ಟಿಗೇ ಬಂದರೆ ಏನು ಮಾಡುತ್ತೀಯಾ? ಒಬ್ಬ ಹುಡುಗ ಪ್ರಾಣಿಗೆ ಕಲ್ಲು ಹೊಡೆದರೆ? ಇಂಥವೇ ಜಾಸ್ತಿ. ಗೊತ್ತಿಲ್ಲದ್ದು ಕೇಳಿದರೆ ಗೊತ್ತಿಲ್ಲ, ತಿಳಿದು ಹೇಳುತ್ತೇನೆ ಅನ್ನಿ. ಸುಮ್ನೆ ಕಟ್ಟಿ ಹೇಳಬೇಡಿ.

ಕರಡಿಧಾಮ ಇರುವ ದರೋಜಿ ಸುತ್ತಮುತ್ತಲ ಮಕ್ಕಳ ಮೊದಲ ಪ್ರಶ್ನೆ, "ಕರಡಿ ಬಂದರೆ ಸತ್ತಂಗೆ ಮಲಗಬೇಕಾ ಸರ್?" ಕಥೆ ಕೇಳಿ ಬೆಳೆದ ಮಕ್ಕಳು, ಕೇಳೋದು ಸಹಜ. ಆ ಕಥೆ ನಂಬಿ ಕೂರಬೇಡಿ ಅಂತ ನಾನು ಹೇಳುತ್ತಿದ್ದೆ. ಹಠಾತ್ತನೆ ಎದುರಾದಾಗಲೇ ಕರಡಿ ಗಾಬರಿಬಿದ್ದು ಮೈಮೇಲೆ ಬರೋದು ಜಾಸ್ತಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ಗುಡ್ಡದ ಕಡೆ ಹೋಗಬೇಡಿ, ಹೋಗಲೇಬೇಕಾದರೆ ಮಾತಾಡುತ್ತಾ ನಡೀರಿ. ಹೊಲ ಕಾಯಲು ಹೋಗುವ ಅಪ್ಪನಿಗೆ ಒಂದು ಮಗು ಇದನ್ನು ಹೇಳಿದರೂ ನಿಮ್ಮ ಕೆಲಸ ಸಾರ್ಥಕ. ಇದನ್ನು ನಾನು ಮನಸಾರೆ ನಂಬುತ್ತೇನೆ.

ಇಂಗ್ಲಿಷ್ ಚಿಂತೆ ಬಿಡಿ. ಬರುವ ಮಕ್ಕಳಲ್ಲಿ ಹೆಚ್ಚಿನವರು ಕನ್ನಡದವರೇ. ತೆಲುಗು ಬರುತ್ತಾ? ಗಡಿಯಾಚೆಯ ಶಾಲೆಗಳೂ ಬರುತ್ತವೆ, ಸಂದರ್ಶನದಲ್ಲಿ ತಪ್ಪದೆ ಹೇಳಿ.

ನೀವೂ ಕೇಳಬೇಕಾದ್ದಿದೆ. ಸಂಬಳ ಪಾರ್ಕಿನವರೇ ಕೊಡುತ್ತಾರಾ, ಹೊರಗುತ್ತಿಗೆ ಏಜೆನ್ಸಿಯಾ? ಪಿಎಫ್ ಕಟ್ಟುತ್ತಾರಾ? ಭಾನುವಾರ ಜನ ತುಂಬಿರುತ್ತಾರೆ, ರಜೆ ಯಾವತ್ತು? ಕೊನೆಯಲ್ಲಿ ಅನುಭವ ಪತ್ರ ಸಿಗುತ್ತಾ? ಮುಜುಗರ ಬೇಡ, ಅಲ್ಲೇ ಕೇಳಿ. ಸಂಜೆ ಕಂಪ್ಲಿಗೆ ವಾಪಸ್ ಬರಲು ಬಸ್ಸಿದೆಯಾ ಅಂತಲೂ ಮೊದಲೇ ನೋಡಿಕೊಳ್ಳಿ.

ಇಬ್ಬರು ಹೆಣ್ಣುಮಕ್ಕಳ ತಾಯಿ, ಕೊಪ್ಪಳ

ಮನೆಯವರು ಹೆದರೋದು ಮಾರ್ಚ್ ಆದ ಮೇಲೆ ಏನು ಅಂತ. ಅದಕ್ಕೊಂದು ಉತ್ತರ ಇಟ್ಟುಕೊಂಡು ಮಾತಾಡವ್ವ. ಬಿ.ಇಡಿ. ಮಾಡ್ತೀನಿ ಅಂತಲೋ, ಜೂನ್‌ಗೆ ಬೇರೆ ಶಾಲೆ ನೋಡ್ತೀನಿ ಅಂತಲೋ. ಸಂದರ್ಶನದ ದಿನ ಅಪ್ಪನನ್ನೂ ಕರೆದುಕೊಂಡು ಹೋಗಿ ಜಾಗ ತೋರಿಸು.

ಶಾಲಾ ಮುಖ್ಯೋಪಾಧ್ಯಾಯ, ಸಿಂಧನೂರು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅಕ್ಟೋಬರಿನಲ್ಲಿ ವಿಜ್ಞಾನ ಶಿಕ್ಷಕಿ ಹೊರಟರೆ ಆ ಮಕ್ಕಳಿಗೆ ಇನ್ನೊಬ್ಬರು ಸಿಗೋದು ಕಷ್ಟ. ಹೋಗಬೇಡಿ ಅನ್ನುತ್ತಿಲ್ಲ. ಈಗಲೇ ನಿಮ್ಮ ಮುಖ್ಯಸ್ಥರಿಗೆ ವಿಷಯ ತಿಳಿಸಿ, ದಸರಾ ರಜೆಯೊಳಗೆ ಪಾಠ ಎಲ್ಲಿಗೆ ತಂದು ನಿಲ್ಲಿಸಬಹುದು ಅಂತ ಕೂತು ಮಾತಾಡಿ. ರಾಜೀನಾಮೆ ಮಾತ್ರ ಆದೇಶ ಪತ್ರ ಕೈಗೆ ಬಂದ ಮೇಲೆಯೇ ಕೊಡಿ. ಫೋನಿನಲ್ಲಿ "ನೀವು ಆಯ್ಕೆ ಆಗಿದ್ದೀರಿ" ಅಂದರೆ ಸಾಲದು.