ಬೆಳಿಗ್ಗೆ ನೋಡಿದ್ರೆ ಗಾಡಿಯ ಒಂದು ಮೂಲೆ ಕೂತಿರ್ತದೆ, ಏರ್ ಸಸ್ಪೆನ್ಶನ್ ಗೊತ್ತಿದ್ದವರು ಹೇಳಿ

ಕಾವೂರು ಕಾರು:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ತಗೊಂಡದ್ದು, ನಾಲ್ಕೂ ಚಕ್ರಕ್ಕೆ ಏರ್ ಸಸ್ಪೆನ್ಶನ್ ಉಂಟು, ಅಂದ್ರೆ ಕಬ್ಬಿಣದ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲದ ಮೇಲೆ ಗಾಡಿ ನಿಲ್ಲೂದು. ಹೋದ ತಿಂಗಳಿಂದ ಒಂದೇ ತಲೆಬಿಸಿ, ರಾತ್ರಿ ಸರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಎಡಗಡೆ ಮುಂದೆ ಕೂತಿರ್ತದೆ, ಟಯರಿಗೂ ಫೆಂಡರಿಗೂ ಮಧ್ಯೆ ಎರಡು ಬೆರಳು ಹೋಗ್ಲಿಕ್ಕೆ ಜಾಗ ಇಲ್ಲ. ಸ್ಟಾರ್ಟ್ ಮಾಡಿದ್ರೆ ಗಾಳಿ ತುಂಬಿಸುವ ಕಂಪ್ರೆಸರ್ ಗುರ್ ಅಂತ ತುಂಬಾ ಹೊತ್ತು ಓಡಿ ಮೇಲೆ ಬರ್ತದೆ. ಮೊನ್ನೆ ಶಿರಾಡಿ ಘಾಟಿ ಹತ್ತುವಾಗ ಸಸ್ಪೆನ್ಶನಿನ ಹಳದಿ ವಾರ್ನಿಂಗ್ ಲೈಟೂ ಬಂತು. ವರ್ಕ್‌ಶಾಪಿನವ್ರು ಕಂಪ್ರೆಸರ್ ಬದಲಿಸ್ಬೇಕು ಅಂದ್ರು, ಇನ್ನೊಬ್ರು ಇದೆಲ್ಲ ತೆಗ್ದು ಕಾಯಿಲ್ ಸ್ಪ್ರಿಂಗ್ ಹಾಕಿ ಅಂತಾರೆ. ಅಮ್ಮನಿಗೆ ಸೊಂಟನೋವು, ಈ ಗಾಡಿಯಲ್ಲಿ ಮಾತ್ರ ಅವ್ರಿಗೆ ದೂರ ಹೋಗ್ಲಿಕ್ಕೆ ಆಗೂದು, ಹಾಗಾಗಿ ಕಾಯಿಲ್ ಹಾಕ್ಲಿಕ್ಕೆ ಮನಸ್ಸಿಲ್ಲ. ಎಂತ ಮಾಡ್ಲಿ?

ಬೈಕಂಪಾಡಿ ಸ್ಪಾನರ್:
ಕಂಪ್ರೆಸರಿಗೆ ಈಗ್ಲೇ ದುಡ್ಡು ಹಾಕ್ಬೇಡಿ ಮಾರಾಯ್ರೆ. ಎಲ್ಲೋ ಗಾಳಿ ಸೋರ್ತಾ ಉಂಟು, ಅದನ್ನು ತುಂಬಿಸಿ ತುಂಬಿಸಿ ಕಂಪ್ರೆಸರ್ ಬಿಸಿಯಾಗಿ ಲೈಟ್ ಬಂದಿರ್ಬೇಕು. ಸೋರಿಕೆ ಹಾಗೇ ಬಿಟ್ಟು ಹೊಸತು ಹಾಕಿದ್ರೆ ಅದೂ ಸುಟ್ಟು ಹೋಗ್ತದೆ, ನನ್ನ ಕಣ್ಣೆದುರೇ ಹಾಗೆ ಆದದ್ದುಂಟು.

ಮೊದಲು ಟೇಪ್ ತಗೊಳ್ಳಿ. ಸಮತಟ್ಟಾದ ನೆಲ ಬೇಕು, ಅಂಗಳದ ಇಳಿಜಾರಿನಲ್ಲಿ ಅಳೆದ್ರೆ ಪ್ರಯೋಜನ ಇಲ್ಲ. ಚಕ್ರದ ಮಧ್ಯದಿಂದ ನೇರ ಮೇಲೆ ಫೆಂಡರಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರ್ದಿಡಿ. ನೆಲದಿಂದ ಅಳೀಬೇಡಿ, ಟಯರಲ್ಲಿ ಗಾಳಿ ಹೆಚ್ಚುಕಮ್ಮಿ ಇದ್ರೆ ಲೆಕ್ಕ ತಪ್ತದೆ. ಮತ್ತೆ ಸಸ್ಪೆನ್ಶನಿನ ಫ್ಯೂಸ್ ತೆಗ್ದಿಡಿ. ಕೆಲವು ಗಾಡಿಯ ಸಸ್ಪೆನ್ಶನ್ ಕಂಪ್ಯೂಟರ್ ನಿಲ್ಲಿಸಿದ ಮೇಲೂ ತಾನೇ ಎಚ್ಚರಾಗಿ ಒಂದು ಮೂಲೆ ಇಳಿದ್ರೆ ಉಳಿದದ್ದನ್ನೂ ಇಳಿಸಿ ಸಮ ಮಾಡ್ತದೆ, ಆಗ ಯಾವ ಮೂಲೆ ಸೋರೂದು ಅಂತ ಗೊತ್ತೇ ಆಗೂದಿಲ್ಲ. ಬೆಳಿಗ್ಗೆ ಮತ್ತೆ ಅಳೆಯಿರಿ. ಒಂದೇ ಮೂಲೆ ಇಳಿದಿದ್ರೆ ಸೋರಿಕೆ. ಓರೆಯಾಗಿ ನಿಂತಿದೆ, ಆದ್ರೆ ರಾತ್ರಿಯದ್ದೂ ಬೆಳಿಗ್ಗೆಯದ್ದೂ ಅಳತೆ ಒಂದೇ ಅಂತಾದ್ರೆ ಗಾಳಿಯ ವಿಷಯ ಅಲ್ಲ, ಗಾಡಿಯ ಎತ್ತರ ಅಳೆಯುವ ಹೈಟ್ ಸೆನ್ಸರ್ ನೋಡ್ಬೇಕು.

ಮಲ್ಪೆ ರೋಡ್:
ಸೆನ್ಸರ್ ಅಂದಾಗ ನೆನಪಾಯ್ತು, ನಂದು ಹಾಗೇ ಇತ್ತು. ಕಡಲ ಬದಿ ಮನೆ, ಉಪ್ಪು ಗಾಳಿಗೆ ಕನೆಕ್ಟರಿನ ಪಿನ್ ಪೂರ್ತಿ ಹಸಿರು ಹಿಡಿದಿತ್ತು. ಸೆನ್ಸರಿಂದ ಚಕ್ರ ಹಿಡಿದಿರುವ ಸಸ್ಪೆನ್ಶನ್ ಆರ್ಮ್‌ಗೆ ಹೋಗುವ ಸಣ್ಣ ಕಡ್ಡಿ ಬಗ್ಗಿದ್ರೂ ಗಾಡಿ ಓರೆ ನಿಲ್ತದೆ.

ಕಾವೂರು ಕಾರು:
ಅಳೆದೆ. ರಾತ್ರಿ ಮುಂದೆ ಎರಡೂ ಕಡೆ 46 ಸೆಂ.ಮೀ., ಬೆಳಿಗ್ಗೆ ಬಲಗಡೆ 46, ಎಡಗಡೆ 39. ಹಿಂದಿನದ್ದು ಅಲ್ಲಾಡ್ಲಿಲ್ಲ.

ಬೈಕಂಪಾಡಿ ಸ್ಪಾನರ್:
ಹಾಗಾದ್ರೆ ಸೋರಿಕೆಯೇ. ಪಾತ್ರೆ ತೊಳೆಯುವ ಲಿಕ್ವಿಡ್ ನೀರಿಗೆ ಹಾಕಿ ಸ್ಪ್ರೇ ಬಾಟ್ಲಿಯಲ್ಲಿ ತುಂಬ್ಸಿ. ನೋಡುವ ಜಾಗ ಮೂರು: ಬೆಲ್ಲೋಸಿನ (ಗಾಳಿ ತುಂಬುವ ಚೀಲ) ರಬ್ಬರ್, ಅದ್ರ ಮೇಲೆ ಪೈಪ್ ಕೂರುವ ಜಾಯಿಂಟ್, ಮತ್ತೆ ಪ್ರತಿ ಚಕ್ರಕ್ಕೆ ಗಾಳಿ ಹಂಚುವ ವಾಲ್ವ್ ಬ್ಲಾಕ್. ತುಂಬಾ ಜನ ತಪ್ಪು ಮಾಡೂದು ಎಲ್ಲಿ ಅಂದ್ರೆ, ಗಾಡಿ ಜಾಕಲ್ಲಿ ಎತ್ತಿ ಚಕ್ರ ನೇತಾಡುವಾಗ ಸ್ಪ್ರೇ ಮಾಡ್ತಾರೆ. ಆಗ ರಬ್ಬರಿನ ಮಡಿಕೆ ಬಿಚ್ಚಿಕೊಂಡು ಒಳಗಿನ ಬಿರುಕು ಬೇರೆ ಜಾಗಕ್ಕೆ ಹೋಗಿರ್ತದೆ, ಭಾರವೂ ಇಲ್ಲ, ಒಂದು ಗುಳ್ಳೆ ಬರೂದಿಲ್ಲ. ಗಾಡಿ ನೆಲದ ಮೇಲೆ ನಿಂತ ಎತ್ತರದಲ್ಲೇ ನೋಡ್ಬೇಕು, ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಒಳಗೆ ಕೈ ಹಾಕ್ಲಿಕ್ಕೆ ಜಾಗ ಆಗ್ತದೆ. ಒಂದು ಮಾತು, ಬರೀ ಗಾಳಿಯ ಮೇಲೆ ನಿಂತ ಗಾಡಿಯ ಅಡಿಗೆ ದಯವಿಟ್ಟು ತಲೆ ಹಾಕ್ಬೇಡಿ, ಅದು ಯಾವಾಗ ಬೇಕಾದ್ರೂ ಇಳೀಬಹುದು.

ಕಾವೂರು ಕಾರು:
ಸಿಕ್ತು! ಬೆಲ್ಲೋಸಿನ ಕೆಳಗೆ ರಬ್ಬರ್ ಒಳಮುಖ ಮಡಚುವಲ್ಲಿ, ಸಾಸಿವೆಯಷ್ಟು ಗುಳ್ಳೆ ಒಂದೊಂದೇ ಬರ್ತಾ ಇತ್ತು. ಅಲ್ಲಿ ಕೆಂಪು ಮಣ್ಣು ಗಟ್ಟಿ ಹಿಡಿದಿತ್ತು, ಒರೆಸಿದ್ರೆ ಅಡಿಯಲ್ಲಿ ಕೂದಲಿನಂಥ ಬಿರುಕುಗಳು. ಒಂದೇ ಬದಲಿಸಿದ್ರೆ ಸಾಕಾ?

ಬೈಕಂಪಾಡಿ ಸ್ಪಾನರ್:
ಬಲಗಡೆಯದ್ದಕ್ಕೂ ಅಷ್ಟೇ ವಯಸ್ಸು, ಅಷ್ಟೇ ಮಣ್ಣು, ಆಗ್ತದಾದ್ರೆ ಎರಡೂ ಹಾಕಿ. ಕಂಪ್ರೆಸರ್ ಇರ್ಲಿ, ಆದ್ರೆ ಅದನ್ನು ಆನ್-ಆಫ್ ಮಾಡುವ ಸ್ವಿಚ್, ಅಂದ್ರೆ ರಿಲೇ, ಹೊಸತು ಹಾಕ್ಸಿ, ಹಳೆ ರಿಲೇ ಅಂಟಿ ಕೂತ್ರೆ ಕಂಪ್ರೆಸರ್ ನಿಲ್ಲದೆ ಓಡಿ ಸಾಯ್ತದೆ. ಕಂಪ್ರೆಸರಿನ ಡ್ರೈಯರನ್ನೂ ನೋಡ್ಲಿಕ್ಕೆ ಹೇಳಿ, ನಮ್ಮ ಮಳೆಗಾಲದ ತೇವ ಎಲ್ಲ ಹೀರೂದು ಅದೇ. ಮತ್ತೆ ಫಿಟ್ ಮಾಡುವಾಗ ನೀವು ಹತ್ತಿರವೇ ನಿಂತ್ಕೊಳ್ಳಿ, ಖಾಲಿ ಬೆಲ್ಲೋಸಿನ ಮೇಲೆ ಗಾಡಿಯ ಭಾರ ಇಳಿಸ್ಲಿಕ್ಕೆ ಬಿಡ್ಬೇಡಿ. ಸ್ವಲ್ಪ ಗಾಳಿ ತುಂಬಿ ಮಡಿಕೆ ಸರಿ ಕೂತ ಮೇಲೆಯೇ ಜಾಕ್ ಇಳಿಸ್ಬೇಕು, ಇಲ್ಲಾಂದ್ರೆ ಹೊಸ ರಬ್ಬರ್ ಮೊದಲ ದಿನವೇ ಚಿಮುಟಿ ಹರೀತದೆ.