ಪದಚರ್ಚೆ: ಫುಟ್‌ಬಾಲಿನ ‘ಡ್ರಾಫ್ಟ್’ಗೆ ‘ಸರದಿ’ ನಡೆಯುತ್ತದೆಯೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಅಮೆರಿಕನ್ ಫುಟ್‌ಬಾಲಿನ ತಂಡಗಳು ಹೊಸ ಆಟಗಾರರನ್ನು ಹಂಚಿಕೊಳ್ಳುವ ‘ಡ್ರಾಫ್ಟ್’ ಎಂಬುದನ್ನು ಕನ್ನಡದಲ್ಲಿ ಏನೆಂದು ಬರೆಯುತ್ತೀರಿ? ಶಿಕಾಗೊ ಬೇರ್ಸ್ ತಂಡ ಕ್ವಾರ್ಟರ್‌ಬ್ಯಾಕ್‌ಗಾಗಿ (ಚೆಂಡೆಸೆದು ತಂಡದ ದಾಳಿ ನಡೆಸುವ ಆಟಗಾರನಿಗಾಗಿ) ಪಟ್ಟ ಪಾಡನ್ನು ನಮ್ಮ ಕನ್ನಡ ಕೂಟದ ಸಂಚಿಕೆಗೆ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಓದುವವರಲ್ಲಿ ಒಂದಷ್ಟು ಜನ ಪ್ರತಿ ಭಾನುವಾರ ಈ ಆಟದ ಮುಂದೆ ಕೂರುವವರು. ಉಳಿದವರು ಊರಿನಿಂದ ಮಕ್ಕಳ ಮನೆಗೆ ಬಂದಿರುವ ತಂದೆತಾಯಿಗಳು. ‘ಇವರೇಕೆ ಹೀಗೆ ಒಬ್ಬರ ಮೇಲೊಬ್ಬರು ಬೀಳುತ್ತಾರೆ’ ಎಂದು ಕೇಳುವವರು. ಬರಹ ಅವರಿಗೂ ತಿಳಿಯಬೇಕು.

ನಿಘಂಟಿನ ಅರ್ಥಗಳು ನಮಗೆಲ್ಲ ಗೊತ್ತು: ಕರಡು, ಹುಂಡಿ, ಸೈನ್ಯಕ್ಕೆ ಕಡ್ಡಾಯ ಭರ್ತಿ. ಬೇರ್ಸ್ ಎಂದರೆ ಕರಡಿಗಳು. ಕರಡಿಗಳು ಕರಡು ಮಾಡಿದವು ಎಂದರೆ ಶ್ಲೇಷೆ ಸೊಗಸಾಗಿದೆ, ಅರ್ಥ ಮಾತ್ರ ಹುಟ್ಟುವುದಿಲ್ಲ. ಹುಂಡಿ ಎಂದೊಡನೆ ಇಂದಿನ ಓದುಗರಿಗೆ ಕಾಣುವುದು ದೇವಸ್ಥಾನದ ಕಾಣಿಕೆ ಪೆಟ್ಟಿಗೆ. ಭರ್ತಿ ಸ್ವಲ್ಪ ಹತ್ತಿರ ಬರುತ್ತದೆ. ಯಾವ ಊರಿಗೆ ಆಡಬೇಕೆಂದು ಹುಡುಗ ತಾನೇ ನಿರ್ಧರಿಸುವಂತಿಲ್ಲ, ಕರೆದ ತಂಡಕ್ಕೆ ಹೋಗಬೇಕು. ಆದರೆ ಹೊಸ ಸೂಟು ತೊಟ್ಟು, ತಂಡದ ಟೋಪಿ ಹಾಕಿಕೊಂಡು, ವೇದಿಕೆಯ ಮೇಲೆ ಹಲ್ಲು ಕಿರಿದು ನಿಂತ ಭಾವೀ ಕೋಟ್ಯಧೀಶನಿಗೆ ‘ಕಡ್ಡಾಯ ಭರ್ತಿಯಾದ’ ಎನ್ನುವುದು ಹೇಗೆ?

ಪದ ಹುಡುಕುವ ಮೊದಲು ಪದ್ಧತಿಯನ್ನು ಹೇಳಿಬಿಡುತ್ತೇನೆ. ಈ ಆಟದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು. ಕಾಲೇಜಿನಲ್ಲಿ ಆಡಿ ಬಂದ ಹುಡುಗರನ್ನು ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಏಳು ಸುತ್ತುಗಳಲ್ಲಿ ಹಂಚಿಕೊಳ್ಳುತ್ತಾರೆ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲು ಆರಿಸುವ ಹಕ್ಕು, ಪ್ರಶಸ್ತಿ ಗೆದ್ದವರಿಗೆ ಸುತ್ತಿನ ಕೊನೆಯ ಜಾಗ. ಫಿಲಡೆಲ್ಫಿಯಾ ಈಗಲ್ಸ್ ತಂಡದ ಬರ್ಟ್ ಬೆಲ್ ಕೊಟ್ಟ ಸಲಹೆಯ ಮೇರೆಗೆ 1936ರಲ್ಲಿ ಇದು ಶುರುವಾಯಿತು. ಮೊಟ್ಟಮೊದಲು ಹೆಸರು ಕರೆಸಿಕೊಂಡವನು ಶಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವಾಂಗರ್. ಈಗಲ್ಸ್ ಅವನ ಮೇಲಿನ ಹಕ್ಕನ್ನು ಬೇರ್ಸ್‌ಗೆ ದಾಟಿಸಿತು, ಬೇರ್ಸ್‌ನ ಜಾರ್ಜ್ ಹಾಲಸ್ ಜೊತೆ ಹಣದ ಮಾತು ಕುದುರಲಿಲ್ಲ, ಹುಡುಗ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಆಟಗಾರನೇ ಇಲ್ಲದೆ ಹಕ್ಕು ಮಾತ್ರ ಕೈಯಿಂದ ಕೈಗೆ ಓಡಾಡಿದ್ದನ್ನು ಗಮನಿಸಿ. ನನ್ನ ಪ್ರಶ್ನೆಯ ಗಂಟು ಅಲ್ಲೇ ಇದೆ.

ಐಪಿಎಲ್ ಬಂದ ಮೇಲೆ ಆಟಗಾರರು ತಂಡ ಸೇರುವುದಕ್ಕೆಲ್ಲ ‘ಹರಾಜು’ ಎನ್ನುವುದು ನಮಗೆ ರೂಢಿಯಾಗಿದೆ. ಇಲ್ಲಿ ಅದು ಸಲ್ಲದು. ಹರಾಜಿನಲ್ಲಿ ಕೂಗಿದವರಿಗೆ ಮಾಲು. ಡ್ರಾಫ್ಟಿನಲ್ಲಿ ಕೂಗುವುದೇ ಇಲ್ಲ, ಎಷ್ಟನೆಯವನಾಗಿ ಬಂದ ಎಂಬುದರ ಮೇಲೆ ಸಂಬಳ ಹೆಚ್ಚುಕಡಿಮೆ ಮೊದಲೇ ಗೊತ್ತಾಗಿರುತ್ತದೆ. ಐಪಿಎಲ್‌ನಲ್ಲೂ ಈ ಪದ್ಧತಿ ಇಣುಕಿದ್ದುಂಟು. ವಿರಾಟ್ ಕೊಹ್ಲಿ 2008ರಲ್ಲಿ ಬೆಂಗಳೂರಿಗೆ ಬಂದದ್ದು ಹರಾಜಿನಲ್ಲಲ್ಲ, 19 ವರ್ಷದೊಳಗಿನವರ ಡ್ರಾಫ್ಟಿನಲ್ಲಿ. ಬೆಂಗಳೂರಿಗಿಂತ ಮೊದಲು ಆರಿಸುವ ಅವಕಾಶವಿದ್ದ ದೆಹಲಿ ತಂಡ ತನ್ನೂರಿನ ಹುಡುಗನನ್ನು ಬಿಟ್ಟು ಬೌಲರ್ ಪ್ರದೀಪ್ ಸಾಂಗ್ವಾನ್ ಅವರನ್ನು ತೆಗೆದುಕೊಂಡಿತು. ಆರ್‌ಸಿಬಿ ಅಭಿಮಾನಿಗಳಿಗೆ ಈ ಒಂದು ಉದಾಹರಣೆ ಕೊಟ್ಟರೆ ಡ್ರಾಫ್ಟಿನ ಸುಖದುಃಖ ಎರಡೂ ಅರ್ಥವಾಗಿಬಿಡುತ್ತವೆ. ಬೀದಿ ಕ್ರಿಕೆಟಿನಲ್ಲಿ ಇಬ್ಬರು ನಾಯಕರು ಎದುರುಬದುರು ನಿಂತು, ‘ನನಗೆ ಇವನು’, ‘ನನಗೆ ಅವನು’ ಎಂದು ಹುಡುಗರನ್ನು ಕರೆದುಕೊಳ್ಳುತ್ತಿದ್ದದ್ದೂ ಇದೇ ತಾನೇ.

ಆ ಆಟದಲ್ಲಿ ನಾವು ಹೇಳುತ್ತಿದ್ದ ಮಾತು ‘ಈಗ ನನ್ನ ಸರದಿ’. ಅದನ್ನೇ ಇಲ್ಲಿಗೆ ತರೋಣವೆಂದು ನನ್ನ ಆಸೆ. ಡ್ರಾಫ್ಟ್ ಎಂಬ ಇಡೀ ಕಲಾಪ ‘ಸರದಿ ಆಯ್ಕೆ’, ಅದರೊಳಗಿನ ಒಂದೊಂದು ‘ಪಿಕ್’, ಅಂದರೆ ಒಬ್ಬನನ್ನು ಆರಿಸುವ ಹಕ್ಕು, ಬರಿಯ ‘ಸರದಿ’. ಪಾಳಿ ಎಂದೂ ಯೋಚಿಸಿದೆ. ಆದರೆ ಕಾರ್ಖಾನೆಯ ರಾತ್ರಿ ಪಾಳಿ ಅದನ್ನು ಬಿಟ್ಟುಕೊಡುವಂತೆ ಕಾಣುವುದಿಲ್ಲ.

ಒಬ್ಬ ಗೆಳೆಯರು, ‘ಪಿಕ್’ಗೆ ಆಯ್ಕೆ ಎಂದರೆ ಸಾಲದೇ, ಎಲ್ಲರಿಗೂ ತಿಳಿಯುತ್ತದಲ್ಲ ಎಂದು ವಾದಿಸಿದರು. ಸಾಲದು. ಬೇರ್ಸ್ ಕಥೆಯನ್ನೇ ನೋಡಿ. 2022ರ ಋತುವಿನಲ್ಲಿ 3 ಗೆದ್ದು 14 ಸೋತು, ಎಲ್ಲರಿಗಿಂತ ಕೆಳಗಿಳಿದು, ಮೊದಲ ಸರದಿ ಗಿಟ್ಟಿಸಿತು. 2023ರ ಮಾರ್ಚಿನಲ್ಲಿ ಅದನ್ನು ಕೆರೊಲಿನಾ ಪ್ಯಾಂಥರ್ಸ್‌ಗೆ ಮಾರಿ, ಆ ವರ್ಷದ 9 ಮತ್ತು 61ನೆಯ ಸರದಿ, 2024ರ ಮೊದಲ ಸುತ್ತಿನದೊಂದು, 2025ರ ಎರಡನೆಯ ಸುತ್ತಿನದೊಂದು, ಜೊತೆಗೆ ಡಿ.ಜೆ. ಮೂರ್ ಎಂಬ ಆಟಗಾರ, ಇಷ್ಟನ್ನು ಪಡೆಯಿತು. ಪ್ಯಾಂಥರ್ಸ್ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್‌ನನ್ನು ತೆಗೆದುಕೊಂಡು ಮುಂದಿನ ಋತುವಿನಲ್ಲಿ 2 ಗೆದ್ದು 15 ಸೋತಿತು. ಹೀಗಾಗಿ ಅವರು ಕೊಟ್ಟಿದ್ದ 2024ರ ಸರದಿಯೇ ಎಲ್ಲಕ್ಕಿಂತ ಮೊದಲನೆಯದಾಗಿ ಶಿಕಾಗೊದ ಮಡಿಲಿಗೆ ಬಿತ್ತು. ಕೈಬದಲಾದ ದಿನ ಅದು ಎಷ್ಟನೆಯದೆಂದು ಯಾರಿಗೂ ಗೊತ್ತಿರಲಿಲ್ಲ, ಅದರಲ್ಲಿ ಯಾರನ್ನು ಆರಿಸುತ್ತಾರೆಂಬ ಸುಳಿವೂ ಇರಲಿಲ್ಲ. ಯಾರನ್ನೂ ಆರಿಸದ ವಸ್ತುವನ್ನು ‘ಆಯ್ಕೆ’ ಎಂದು ಕರೆಯುವುದು ಹೇಗೆ? ಸರದಿಯಾದರೆ ಮಾರಬಹುದು, ಕೊಳ್ಳಬಹುದು, ಮುಂದಕ್ಕೆ ಹಾರಬಹುದು, ಹಿಂದಕ್ಕೆ ಸರಿಯಬಹುದು.

ಇನ್ನೊಂದು ಅನುಕೂಲವೂ ಇದೆ. ಮೊದಲ ಸುತ್ತಿನಲ್ಲಿ ಪ್ರತಿ ತಂಡಕ್ಕೂ ಕೆಲವೇ ನಿಮಿಷಗಳ ಗಡುವು. ಆ ಹೊತ್ತಿನಲ್ಲಿ ಟಿವಿಯವರು ತಂಡ ‘ಗಡಿಯಾರದ ಮೇಲಿದೆ’ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ಹಾಗೆಯೇ ಇಳಿಸಿದರೆ ಗೋಡೆ ಹತ್ತಿಸಿದಂತಾಗುತ್ತದೆ. ‘ಈಗ ಶಿಕಾಗೊ ಸರದಿ’ ಎಂದರೆ ಮುಗಿಯಿತು.

ಈಗ ಕಠಿಣ ಪದಕ್ಕೆ ಬರುತ್ತೇನೆ. ಬಹಳ ಮೇಲಿನ ಸರದಿಯಲ್ಲಿ ಬಂದು, ಏನೂ ಆಗದೆ ಹೋದವನನ್ನು ಅಭಿಮಾನಿಗಳು ‘ಬಸ್ಟ್’ ಎನ್ನುತ್ತಾರೆ. ಕ್ವಾರ್ಟರ್‌ಬ್ಯಾಕ್ ಚರ್ಚೆಯಲ್ಲಿ ಈ ಮಾತಿಲ್ಲದೆ ಐದು ನಿಮಿಷ ಕಳೆಯುವುದಿಲ್ಲ. 1998ರಲ್ಲಿ ಮೊದಲ ಸರದಿಗೆ ಪೇಟನ್ ಮ್ಯಾನಿಂಗ್, ಎರಡನೆಯದಕ್ಕೆ ರಯನ್ ಲೀಫ್. ಮೊದಲನೆಯವನು ದಂತಕಥೆಯಾದ, ಎರಡನೆಯವನು ಈ ಪದಕ್ಕೇ ಉದಾಹರಣೆಯಾದ. ಜೊಳ್ಳು ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಅದು ಅನ್ಯಾಯದ ಮಾತು. 2017ರಲ್ಲಿ ಬೇರ್ಸ್ ಮೂರನೆಯ ಸರದಿಯಿಂದ ಎರಡನೆಯದಕ್ಕೆ, ಒಂದೇ ಒಂದು ಮೆಟ್ಟಿಲು ಏರಲು, ಸ್ಯಾನ್ ಫ್ರಾನ್ಸಿಸ್ಕೊಗೆ ಇನ್ನೂ ಮೂರು ಸರದಿ ಸುರಿದು ಮಿಚೆಲ್ ಟ್ರುಬಿಸ್ಕಿಯನ್ನು ತಂದಿತು. ಕಾಲೇಜಿನಲ್ಲಿ ಅವನು ಆರಂಭದಿಂದ ಆಡಿದ್ದು 13 ಪಂದ್ಯ ಮಾತ್ರ. ಅದೇ ದಿನ ಹತ್ತನೆಯ ಸರದಿಗೆ ಕ್ಯಾನ್ಸಸ್ ಸಿಟಿ, ಮುಂದೆ ದೊಡ್ಡ ತಾರೆಯಾದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನನ್ನು ಒಯ್ದಿತು. ಶಿಕಾಗೊದವರ ಎದುರು ಈ ಹೆಸರು ಎತ್ತುವಾಗ ಸ್ವಲ್ಪ ಅಂತರ ಕಾಯ್ದುಕೊಳ್ಳುವುದು ಒಳ್ಳೆಯದು. ಹಾಗೆಂದು ಟ್ರುಬಿಸ್ಕಿ ಜೊಳ್ಳೇ? 2018ರಲ್ಲಿ ತಂಡ 12 ಗೆದ್ದು 4 ಸೋತಾಗ, ಅದರಲ್ಲಿ 11 ಗೆಲುವು ಅವನ ಕೈಯಲ್ಲೇ ಬಂದಿದ್ದವು. ಅವನು ನಾಲ್ಕನೆಯ ಸುತ್ತಿನಲ್ಲಿ ಬಂದಿದ್ದರೆ ‘ಪರವಾಗಿಲ್ಲ, ಒಳ್ಳೆಯ ಹುಡುಗ’ ಎನ್ನುತ್ತಿದ್ದರು. ದೂರು ಇರುವುದು ಹುಡುಗನ ಮೇಲಲ್ಲ, ತೆತ್ತ ಬೆಲೆಯ ಮೇಲೆ.

ಅದಕ್ಕೇ ನನ್ನ ಸೂಚನೆ: ‘ದಂಡ’. ‘ಎರಡನೆಯ ಸರದಿ ದಂಡವಾಯಿತು.’ ದುಡ್ಡು ದಂಡ, ಹೊತ್ತು ದಂಡ ಎನ್ನುವ ಹಾಗೆಯೇ. ಬೈಗುಳ ಬೀಳುವುದು ಸರದಿಯ ಮೇಲೆ, ಮನುಷ್ಯನ ಮೇಲಲ್ಲ.

ತದ್ವಿರುದ್ಧದವನಿಗೂ ಪದ ಬೇಕು. 2000ದಲ್ಲಿ ಟಾಮ್ ಬ್ರೇಡಿ ಬಂದದ್ದು ಆರನೆಯ ಸುತ್ತಿನಲ್ಲಿ, 199ನೆಯವನಾಗಿ. ಗೆದ್ದದ್ದು ಏಳು ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯ. ಇಂಥವರನ್ನು ಇಲ್ಲಿ ‘ಕಳವು’ ಎಂದು ಹೊಗಳುತ್ತಾರೆ. ನಮ್ಮಲ್ಲಿ ಹಾಗೆಂದರೆ ಪೊಲೀಸರ ನೆನಪಾಗುತ್ತದೆ. ಸಂತೆಯಲ್ಲಿ ತರಕಾರಿ ತೂಗಿದ ಮೇಲೆ ಹಾಕುವ ‘ಕೊಸರು’ ಹೇಗೆ? ಕೊನೆಯ ಸುತ್ತುಗಳ ಸರದಿಗಳು ಎಷ್ಟೋ ಸಲ ನಿಜಕ್ಕೂ ವ್ಯಾಪಾರದ ಕೊಸರಾಗಿಯೇ ಕೈಬದಲಾಗುತ್ತವೆ. ಇನ್ನು ಡ್ರಾಫ್ಟಿನ ಕಟ್ಟಕಡೆಯ ಹುಡುಗನಿಗೆ 1976ರಿಂದ ‘ಮಿಸ್ಟರ್ ಇರ್ರೆಲವೆಂಟ್’ ಎಂಬ ತಮಾಷೆಯ ಬಿರುದು. ಇದಕ್ಕೆ ನಾವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬುದು ಅವನಿಗೇ ಹೊಲಿಸಿದಂತಿದೆ. 2022ರಲ್ಲಿ 262ನೆಯವನಾಗಿ, ಎಲ್ಲರಿಗಿಂತ ಕೊನೆಗೆ ಬಂದ ಬ್ರಾಕ್ ಪರ್ಡಿ ಎರಡೇ ಋತುಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊವನ್ನು ಸೂಪರ್ ಬೌಲ್‌ವರೆಗೆ ಒಯ್ದು ಲೆಕ್ಕ ತಿದ್ದಿಸಿದ.

‘ಬ್ರಿಜ್ ಕ್ವಾರ್ಟರ್‌ಬ್ಯಾಕ್’ಗೆ ಸೇತುವೆ ಬೇಡ, ‘ಹಂಗಾಮಿ’ ಇದೆ. ಹೊಸಬ ಪಳಗುವವರೆಗೆ ಕುರ್ಚಿ ಕಾಯುವ ಅನುಭವಸ್ಥ. 2017ರಲ್ಲಿ ಮೈಕ್ ಗ್ಲೆನನ್, 2021ರಲ್ಲಿ ಆಂಡಿ ಡಾಲ್ಟನ್, ಇಬ್ಬರೂ ಶಿಕಾಗೊದ ಹಂಗಾಮಿಗಳು. ನಮ್ಮ ರಾಜಕೀಯ ಓದಿ ಬೆಳೆದವರಿಗೆ ವಿವರಣೆ ಬೇಕಾಗದು. ಕ್ವಾರ್ಟರ್‌ಬ್ಯಾಕ್‌ನ ಕಾಲಿನ ಚಲನೆಗೆ ಯಕ್ಷಗಾನದ ‘ಹೆಜ್ಜೆಗಾರಿಕೆ’ಯನ್ನು ಸಾಲ ಪಡೆಯುತ್ತೇನೆ, ಕರಾವಳಿಯವರು ಆಕ್ಷೇಪಿಸಲಾರರು ಎಂದುಕೊಂಡಿದ್ದೇನೆ. ಕ್ವಾರ್ಟರ್‌ಬ್ಯಾಕ್ ಎಂಬುದನ್ನು ಮಾತ್ರ ಮುಟ್ಟುವುದಿಲ್ಲ. ಸೂತ್ರಧಾರ, ದಳಪತಿ ಎಂದೆಲ್ಲ ಸೂಚನೆಗಳು ಬಂದವು. ಹಾಫ್‌ಬ್ಯಾಕ್, ಫುಲ್‌ಬ್ಯಾಕ್‌ಗಳಿಗೆ ಆಮೇಲೆ ಏನು ಮಾಡುತ್ತೀರಿ?

ಪದಗಳು ವಾಕ್ಯದಲ್ಲಿ ನಿಲ್ಲುತ್ತವೆಯೋ ಇಲ್ಲವೋ ನೋಡಲು ಬರಹದ ಒಂದು ತುಣುಕು ಕೊಡುತ್ತಿದ್ದೇನೆ:

“2024ರ ಚಳಿಗಾಲದಲ್ಲಿ ಶಿಕಾಗೊದ ಅಭಿಮಾನಿಗಳು ಎರಡು ಪಂಗಡವಾದರು. ಆಗಿನ ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಫೀಲ್ಡ್ಸ್‌ನನ್ನೇ ಉಳಿಸಿಕೊಂಡು ಮೊದಲ ಸರದಿಯನ್ನು ಮತ್ತೊಮ್ಮೆ ಮಾರಬೇಕೆಂದು ಒಂದು ಪಂಗಡ. 2022ರಲ್ಲಿ 1143 ಗಜ ಓಡಿದ ಕಾಲುಗಳನ್ನು ಯಾರಾದರೂ ಬಿಡುತ್ತಾರೆಯೇ, ಅವನ ಮುಂದೆ ಗಟ್ಟಿ ಕಾವಲು ನಿಲ್ಲಿಸಿ ಆಮೇಲೆ ಮಾತನಾಡಿ ಎಂಬುದು ಅವರ ವಾದ. ಋತುವಿನ ಕೊನೆಯಲ್ಲಿ ಸೋಲ್ಜರ್ ಫೀಲ್ಡ್ ಕ್ರೀಡಾಂಗಣದಲ್ಲಿ ಫೀಲ್ಡ್ಸ್ ನಮಗೆ ಬೇಕು ಎಂದು ಕೂಗಿದವರೂ ಇವರೇ. ಇನ್ನೊಂದು ಪಂಗಡದವರು ಲೆಕ್ಕದ ಪುಸ್ತಕ ತೆರೆದರು. ಮೊದಲ ಸರದಿಯಲ್ಲಿ ಬರುವ ಹೊಸ ಕ್ವಾರ್ಟರ್‌ಬ್ಯಾಕ್ ಕೇಲಬ್ ವಿಲಿಯಮ್ಸ್‌ಗೆ ನಾಲ್ಕು ವರ್ಷಕ್ಕೆ ಸೇರಿ 4 ಕೋಟಿ ಡಾಲರಿಗಿಂತ ಕಡಿಮೆ. ಹೆಸರು ಮಾಡಿದ ಜೋ ಬರೋಗೆ 2023ರ ಒಪ್ಪಂದದಲ್ಲಿ ವರ್ಷವೊಂದಕ್ಕೇ 5.5 ಕೋಟಿ. ಮೂರು ವರ್ಷ ಮುಗಿಸಿದ ಫೀಲ್ಡ್ಸ್‌ಗೆ ಇನ್ನೇನು ದೊಡ್ಡ ಸಂಬಳ ಕೊಡುವ ಕಾಲ ಬರುತ್ತದೆ. ಹೊಸಬ ಅಗ್ಗವಾಗಿರುವಾಗಲೇ ಉಳಿದ ಹಣದಲ್ಲಿ ತಂಡ ಕಟ್ಟಿ. ಗೆದ್ದದ್ದು ಲೆಕ್ಕದವರು. ಹನ್ನೊಂದನೆಯ ಸರದಿಗೆ ಬಂದಿದ್ದ ಫೀಲ್ಡ್ಸ್, ಆರನೆಯ ಸುತ್ತಿನ ಒಂದು ಷರತ್ತಿನ ಸರದಿಗೆ ಪಿಟ್ಸ್‌ಬರ್ಗ್‌ಗೆ ಹೋದ. ವಿಲಿಯಮ್ಸ್ ಬಂದ. ಮೊದಲ ವರ್ಷ 68 ಸಲ, ಚೆಂಡು ಕೈಬಿಡುವ ಮೊದಲೇ, ಎದುರಾಳಿಗಳು ಅವನನ್ನು ನೆಲಕ್ಕೆ ಕೆಡವಿದರು. ಗಟ್ಟಿ ಕಾವಲು ಕೇಳಿದ್ದ ಪಂಗಡ ಆಗ ಮತ್ತೆ ಬಾಯಿ ತೆರೆಯಿತು.”

ನನಗಿನ್ನೂ ಸಿಗದವು ಮೂರು. ಒಂದು, ‘ಪಾಕೆಟ್’: ಕ್ವಾರ್ಟರ್‌ಬ್ಯಾಕ್ ಸುತ್ತ ದಾಂಡಿಗರು ಕಟ್ಟುವ ರಕ್ಷಣೆಯ ಒಳಗಿನ ಜಾಗ. ಮೇಲೆ ‘ಕಾವಲು’ ಎಂದು ಬಳಸಿದ್ದು ಆ ದಾಂಡಿಗರನ್ನು ಕುರಿತು, ಜಾಗವನ್ನಲ್ಲ. ಜೇಬು ಖಂಡಿತ ಬೇಡ. ಎರಡು, ‘ಸೀಲಿಂಗ್’ ಮತ್ತು ‘ಫ್ಲೋರ್’. ಜೋಶ್ ಆಲನ್ ಕಾಲೇಜಿನಲ್ಲಿ ಎಸೆದದ್ದರಲ್ಲಿ ನೂರಕ್ಕೆ 56ರಷ್ಟು ಮಾತ್ರ ಗುರಿ ಮುಟ್ಟಿದ್ದರೂ, ಏರಿದರೆ ಎಲ್ಲಿಯವರೆಗೂ ಏರಬಲ್ಲ ಎಂದು ನಂಬಿ ಬಫಲೊ ಅವನನ್ನು 2018ರಲ್ಲಿ ಏಳನೆಯ ಸರದಿಗೆ ತೆಗೆದುಕೊಂಡಿತು, ನಂಬಿಕೆ ಫಲಿಸಿತು. ಈ ‘ಏರಿದರೆ ಎಲ್ಲಿಯವರೆಗೆ, ಇಳಿದರೆ ಎಲ್ಲಿಯವರೆಗೆ’ ಎಂಬುದನ್ನು ಎರಡು ಚಿಕ್ಕ ಪದಗಳಲ್ಲಿ ಹೇಳಬಲ್ಲವರು ಇದ್ದಾರೆಯೇ? ಚಾವಣಿ, ನೆಲ ಎಂದರೆ ಮನೆ ಬಾಡಿಗೆಯ ಜಾಹೀರಾತಿನಂತಿದೆ. ಮೂರು, ಮೊದಲ ಸರದಿಯ ಆಸೆಗೆ ಬೇಕೆಂದೇ ಸೋಲುವುದು. ‘ಸೋಲುಬೇಟೆ’ ಎಂದು ನಾನೇ ಕಟ್ಟಿದ್ದೆ, ಮನೆಯಲ್ಲಿ ಯಾರೂ ಒಪ್ಪಲಿಲ್ಲ.

ವ್ಯಾಕರಣದ ಒಂದು ಸಣ್ಣ ಸಂದೇಹವೂ ಉಂಟು. ‘ಮೂರು ಸರದಿ ಕೊಟ್ಟು’ ಎಂದು ಏಕವಚನದಲ್ಲೇ ಬಿಡಲೇ, ‘ಮೂರು ಸರದಿಗಳನ್ನು ಕೊಟ್ಟು’ ಎಂದು ಬರೆಯಲೇ? ನನ್ನ ಕಿವಿಗೆ ಮೊದಲನೆಯದು ಹಿತ. ಸಂಪಾದಕರು ಎರಡನೆಯದರ ಪರ. ಸಂಚಿಕೆ ಅಚ್ಚಿಗೆ ಹೋಗುವುದರೊಳಗೆ ಬಲ್ಲವರು ಒಂದು ಮಾತು ತಿಳಿಸಿದರೆ ಉಪಕಾರವಾಗುತ್ತದೆ.